ಅನಿಶ್ಚಿತತೆ ಮತ್ತು ಅಮೂರ್ತ ರೇಖೆ: ನಸ್ರೀನ್ ಮೊಹಮದಿಯವರ ಚಿತ್ರಗಳನ್ನು ಕುರಿತು

ಅಮೂರ್ತ ಚಿತ್ರಕಲೆಯನ್ನು ಬದುಕಿನ ಅನಿಶ್ಚಿತತೆಯೊಡನೆ ಬೆಸೆದು ನೋಡುವ ವಿಚಾರ ಹೊಸದಲ್ಲ. ಜರ್ಮನಿಯ ಕಲಾಚಿಂತಕ ವಿಲ್‌ಹೆಲ್ಮ್ ವೊರಿಂಗರ್ 1908ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ಜಗತ್ತಿನೊಡನೆ ನೆಮ್ಮದಿಯಿಂದಿರುವ ಸಮಾಜವು ಸಹಜರೂಪಗಳಿಗೆ ಒಲಿಯುತ್ತದೆ, ಜಗತ್ತನ್ನು ಕಂಡು ಅಳುಕುವ ಸಮಾಜವು ಜ್ಯಾಮಿತೀಯ ರೂಪಗಳಲ್ಲಿ ಆಸರೆ ಪಡೆಯುತ್ತದೆ ಎಂದು ವಾದಿಸಿದನು. ಈ ಅಳುಕಿಗೆ ಅವನು ಕೊಟ್ಟ ಮುಖ್ಯ ನಿದರ್ಶನ 'ಆದಿಮ' ಜನರದು. ಜಾನಪದದ ನೆಲೆಯಿಂದ ಪರಿಶೀಲಿಸಿದರೆ ಈ ವಾದದ ಅರ್ಧಭಾಗ ಮಾತ್ರ ನಿಲ್ಲುತ್ತದೆ.

ನಿಲ್ಲುವ ಭಾಗಕ್ಕೆ ನಸ್ರೀನ್ ಮೊಹಮದಿಯವರ ಕೃತಿಗಳು ಸಾಕ್ಷಿ. 1937ರಲ್ಲಿ ಕರಾಚಿಯಲ್ಲಿ ಜನಿಸಿ, ಮುಂಬಯಿಯಲ್ಲಿ ಬೆಳೆದು, ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಕಲಿತ ಅವರು 1972ರಿಂದ ಬರೋಡದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದರು. ನರಸಂಬಂಧಿ ಕಾಯಿಲೆಯೊಂದು ಅವರ ಅಂಗಾಂಗಗಳ ಹತೋಟಿಯನ್ನು ಕ್ರಮೇಣ ಕಸಿಯಿತು. ಸೋಜಿಗವೆಂದರೆ ದೇಹ ತಪ್ಪಿದಷ್ಟೂ ಗೆರೆ ಖಚಿತವಾಯಿತು. ಎಪ್ಪತ್ತರ ದಶಕದಲ್ಲಿ ಮಗ್ಗದ ಹಾಸಿನಂತೆ ಹಾಳೆಯನ್ನು ತುಂಬಿದ್ದ ಸಾಲುಗಳು ಎಂಬತ್ತರ ದಶಕದಲ್ಲಿ ವಿರಳವಾದವು. ಬಿಳಿಯ ಬಯಲಲ್ಲಿ ಕೆಲವೇ ಓರೆಗೆರೆಗಳು ತೇಲತೊಡಗಿದವು. ಪೆನ್ಸಿಲ್, ಮಸಿ ಮತ್ತು ನಕ್ಷೆಗಾರನ ಸಲಕರಣೆಗಳೇ ಅವರ ಪರಿಕರ. ಬಹುಪಾಲು ಕೃತಿಗಳಿಗೆ ಶೀರ್ಷಿಕೆಯಿಲ್ಲ, ತಾರೀಖೂ ಇಲ್ಲ. 1990ರಲ್ಲಿ ಅವರು ತೀರಿಕೊಂಡರು. ಈ ಗೆರೆಗಳನ್ನು ಕೇವಲ ರೋಗದ ವಿರುದ್ಧದ ಸೆಣಸಾಟವೆಂದು ಓದುವುದು ಕಲಾವಿದೆಗೆ ಅನ್ಯಾಯ. ಕಾಯಿಲೆಗೆ ಮುನ್ನವೇ ಅವರು ಆಕೃತಿಯನ್ನು ತೊರೆದಿದ್ದರು. ಕಾಯಿಲೆಯು ಹೊಸ ಶೈಲಿಯನ್ನು ಕೊಡಲಿಲ್ಲ. ಇದ್ದ ಶೈಲಿಯ ಬೆಲೆಯನ್ನು ಏರಿಸಿತು.

ಇನ್ನು ನಿಲ್ಲದ ಭಾಗ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಅಲ್ಲಿಯೂ ಸರಳರೇಖೆ, ತ್ರಿಕೋನ, ಚೌಕಗಳದೇ ಪ್ರಾಬಲ್ಯ. ಆಗ ಬತ್ತ ಹೊಡೆ ತುಂಬಿರುತ್ತದೆ, ಕೈಗೆ ಬಂದಿರುವುದಿಲ್ಲ. ಮಳೆ, ಹುಳು, ಹಂದಿ ಯಾವುದಾದರೂ ಅದನ್ನು ಕಸಿಯಬಹುದು. ವೊರಿಂಗರನ ಪ್ರಕಾರ ಇದು ಭಯದ ಘಳಿಗೆ. ಆದರೆ ಆ ಜನ ಮಾಡುವುದು ಬಸಿರಿಯಾದ ಭೂಮಿಗೆ ಬಯಕೆಯ ಊಟ ಬಡಿಸುವ ಕೆಲಸ! ಆ ಬುಟ್ಟಿಯಲ್ಲಿಯೇ ಅಡುಗೆಯನ್ನು ಹೊತ್ತೊಯ್ದು ನಸುಕಿನಲ್ಲಿ ಗದ್ದೆಗೆ ಚರಗ ಚೆಲ್ಲುತ್ತಾರೆ. ಅನಿಶ್ಚಿತತೆ ಇಲ್ಲಿ ಶತ್ರುವಲ್ಲ, ಸೀಮಂತಕ್ಕೆ ಕುಳಿತ ಮನೆಮಗಳು. ಇದನ್ನು ಅಳುಕೆಂದು ಕರೆದವನು ಗದ್ದೆಯ ಬದುವಿನ ಮೇಲೆ ನಿಂತು ನೋಡಿದವನಲ್ಲ.

ಹಾಗೆಂದು ಚಿತ್ತಾರವನ್ನೂ ನಸ್ರೀನರ ಹಾಳೆಯನ್ನೂ ಒಂದೇ ಗೋಡೆಯಲ್ಲಿ ತೂಗುಹಾಕಿ 'ಭಾರತೀಯ ಜ್ಯಾಮಿತಿ' ಎಂದು ಹೆಸರಿಡುವ ಇತ್ತೀಚಿನ ಉತ್ಸಾಹವನ್ನೂ ಒಪ್ಪಲಾಗದು. ದೀವರ ಬುಟ್ಟಿಯ ಗೆರೆಯನ್ನು ಅತ್ತೆ ಕಲಿಸುತ್ತಾಳೆ, ನೆರೆಮನೆಯಾಕೆ ತಿದ್ದುತ್ತಾಳೆ. ತಪ್ಪಿದರೂ ಗದ್ದೆ ಅದನ್ನು ಸ್ವೀಕರಿಸುತ್ತದೆ. ನಸ್ರೀನರ ಗೆರೆಗೆ ಅಂಥ ಗದ್ದೆಯಿಲ್ಲ. ಹಾಳೆಯ ಒಂದಂಚಿನಿಂದ ಹೊರಟು ಇನ್ನೊಂದಂಚನ್ನು ಮುಟ್ಟುವ ಮೊದಲೇ ಅದು ತೆಳುವಾಗಿ ನಿಂತುಬಿಡುತ್ತದೆ.