ರುಜು ಮತ್ತು ಲೆಕ್ಕ

ಕುವೆಂಪು ಅವರ ‘ದೇವರು ರುಜು ಮಾಡಿದನು’ ಕವಿತೆಯಲ್ಲಿ ತುಂಗೆಯ ಮೇಲೆ ಹಾರುವ ಬೆಳ್ಳಕ್ಕಿ ಸಾಲು ಸೃಷ್ಟಿಗೆ ಬಿದ್ದ ಸಹಿಯಾಗಿ ಕಾಣುತ್ತದೆ. ಎಷ್ಟು ಹಕ್ಕಿಗಳಿದ್ದವು ಎಂದು ಯಾವ ಓದುಗನೂ ಕೇಳುವುದಿಲ್ಲ. ಒಂದು ಹೆಚ್ಚಾದರೂ ಕಡಿಮೆಯಾದರೂ ರುಜು ರುಜುವೇ. ಹುಮನಾಬಾದ್ ಹತ್ತಿರದ ಹುಡಗಿಯಲ್ಲಿ, ಅಕ್ಟೋಬರ್ ಕೊನೆಯ ಒಂದು ಸಂಜೆ ಹುಲ್ಲುಬಯಲಿನಲ್ಲಿ ಕೂತಾಗ ಈ ಕವಿತೆ ನನಗೆ ಮೊದಲ ಸಲ ತೊಡಕಾಯಿತು.

ಗೆಳೆಯನೂ ನಾನೂ ಎಣಿಸುತ್ತಿದ್ದದ್ದು ಸೆಳೆವಗಳನ್ನು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುವಾಗ ದಖ್ಖನಿಗೆ ಬರುವ ಬೇಟೆಹಕ್ಕಿಗಳಿವು. ಹಗಲೆಲ್ಲ ತೊಗರಿ, ಜೋಳದ ಹೊಲಗಳ ಮೇಲೆ ತಗ್ಗಾಗಿ ತೇಲುತ್ತ ಮಿಡತೆ ಹಿಡಿಯುತ್ತವೆ. ಕತ್ತಲಾಗುವಾಗ ಮರ ಹುಡುಕದೆ ಹುಲ್ಲಿನ ನೆಲಕ್ಕೇ ಇಳಿದು ಒಟ್ಟಿಗೆ ಮಲಗುತ್ತವೆ. ಇಳಿಯುವ ಆ ಸ್ವಲ್ಪ ಹೊತ್ತೇ ಲೆಕ್ಕದ ಹೊತ್ತು. ಕೂತದ್ದು ಎದ್ದು ಇನ್ನೊಂದು ಕಡೆ ಕೂತರೆ ಒಂದು ಎರಡಾಗುತ್ತದೆ. ಮೊಂಟಾಗು ಸೆಳೆವದ ಹೆಣ್ಣನ್ನೂ ಬಿಳಿ ಸೆಳೆವದ ಹೆಣ್ಣನ್ನೂ ಮಬ್ಬಿನಲ್ಲಿ ಬೇರ್ಪಡಿಸುವುದು ಕಷ್ಟ. ಅವಕ್ಕೆಂದೇ ಪಟ್ಟಿಯಲ್ಲಿ ‘ಗುರುತಾಗದವು’ ಎಂಬ ಕಾಲಂ ಇಟ್ಟಿದ್ದೆವು. ನನ್ನ ಲೆಕ್ಕ ಏಳು, ಗೆಳೆಯನದು ಒಂಬತ್ತು.

ನಮ್ಮ ವಿಮರ್ಶೆ ಕುವೆಂಪು ಅವರ ಹಕ್ಕಿಗಳನ್ನು ದರ್ಶನವೆನ್ನುತ್ತದೆ, ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ವನ್ನು ಮಾಹಿತಿಯೆಂದು ಬೇರೆ ಕಪಾಟಿಗೆ ಹಾಕುತ್ತದೆ. ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ತಂದೆ ಸಾಲಾಗಿ ಕಂಡದ್ದನ್ನು ಮಗ ಒಂದೊಂದಾಗಿ, ಹೆಸರು ಹಿಡಿದು ನೋಡಿದರು. ಹಾಗೆ ನೋಡುವುದಕ್ಕೂ ಕಲ್ಪನೆ ಬೇಕು. ಎಲ್ಲವನ್ನೂ ‘ಹದ್ದು’ ಎಂದು ಮುಗಿಸುತ್ತಿದ್ದ ನನ್ನ ಕಣ್ಣಿಗೆ, ‘ಸೆಳೆವ’ ಎಂಬ ಮಾತು ಸಿಕ್ಕ ಮೇಲೆಯೇ ಬಾಲದ ಬುಡದ ಬಿಳಿ ಪಟ್ಟೆ, ರೆಕ್ಕೆ ತುಸು ಮೇಲೆತ್ತಿ ತೇಲುವ ರೀತಿ ಕಂಡದ್ದು. (ಪಿಎಚ್‌ಡಿಗೆ ಇದು ಯಾವ ಅಧ್ಯಾಯಕ್ಕೂ ಬಾರದು.)

ಕೇಂದ್ರ ಸರಕಾರದ 2019ರ ‘ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್’ನಲ್ಲಿ ಕುರುಚಲು ಬಯಲು ಪಾಳುಭೂಮಿಯ ಒಂದು ವರ್ಗ. ಪಾಳು ಎಂದ ಮೇಲೆ ಅಲ್ಲಿ ಸೋಲಾರ್ ಫಲಕವೂ ಬರಬಹುದು, ನೀಲಗಿರಿ ತೋಪೂ ಬರಬಹುದು. ಅದರೆದುರು ಕವಿತೆಯನ್ನು ಸಾಕ್ಷಿಯಾಗಿ ಒಯ್ದರೆ ಯಾರೂ ಬರೆದುಕೊಳ್ಳುವುದಿಲ್ಲ. ಏಳೋ ಒಂಬತ್ತೋ ಎಂದು ಜಗಳವಿರುವ ಪಟ್ಟಿಯನ್ನಾದರೂ ಒಯ್ಯಬಹುದು. ಆದರೆ ನನ್ನನ್ನು ಆ ಬಯಲಿನಲ್ಲಿ ಕೂರಿಸಿದ್ದು ಕವಿತೆಯೇ, ಅದನ್ನೂ ಒಪ್ಪಬೇಕು.

ಕುರಿ ಹೊಡೆದುಕೊಂಡು ಬಂದ ಕಾಕಾ ಒಬ್ಬರು ನಿಂತು, “ಏನ್ ಎಣಸ್ಲತ್ತೀರಿ ತಮ್ಮಾ, ಸರ್ವೇದವ್ರೇನು?” ಎಂದರು. ಹಕ್ಕಿ ಎಂದೆವು. ಪಟ್ಟಿ ನೋಡಿದರು, ನಂಬಿದಂತೆ ಕಾಣಲಿಲ್ಲ. ಆಮೇಲೆ ಕೋಲಿನಿಂದ ಹುಲ್ಲಿನ ಆಚೆ ತುದಿ ತೋರಿಸಿದರು: “ಅಲ್ಲೀನೂ ಎರಡು ಕುಂತಾವ ನೋಡ್ರಿ.”