ಬೆಟ್ಟದ ಎತ್ತರ ಬಿಡಿ, ಏರು ಎಷ್ಟು?

ಮುಳ್ಳಯ್ಯನಗಿರಿ 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಕುಮಾರಪರ್ವತ 1,712. ಆದರೂ ಮೊದಲನೆಯದನ್ನು ಅಜ್ಜಿಯರೂ ಹತ್ತಿ ಕೈಮುಗಿದು ಬರುತ್ತಾರೆ, ಎರಡನೆಯದು ಜಿಮ್ಮಿನಲ್ಲಿ ಮೈ ಹುರಿಗಟ್ಟಿಸಿದವರನ್ನೂ ನಡುದಾರಿಯಲ್ಲಿ ಕೂರಿಸುತ್ತದೆ. ಮುಳ್ಳಯ್ಯನಗಿರಿಗೆ ರಸ್ತೆಯೇ ನೆತ್ತಿಯ ಹತ್ತಿರ ಒಯ್ದು ಬಿಡುತ್ತದೆ, ಆಮೇಲೆ ಮೆಟ್ಟಿಲು. ಕುಮಾರಪರ್ವತದ ದಾರಿ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರ್ ಆಸುಪಾಸಿನಲ್ಲಿ. ಅಲ್ಲಿಂದ ಹೊರಟವರು ಏರಬೇಕಾದದ್ದು ಸುಮಾರು 1,600 ಮೀಟರ್. ಅದೇ ಶಿಖರಕ್ಕೆ ಸೋಮವಾರಪೇಟೆ ಕಡೆಯಿಂದ ಹೋದರೆ ಶ್ರಮ ಬಹಳ ಕಡಿಮೆ, ಹೊರಡುವ ಜಾಗವೇ ಎತ್ತರದಲ್ಲಿದೆಯಲ್ಲ!

ಹಾಗಾಗಿ ಚಾರಣ ಆರಿಸುವಾಗ ಮೊದಲು ಕೇಳಬೇಕಾದದ್ದು ಎಲ್ಲಿಂದ ನಡಿಗೆ ಶುರು ಎಂದು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ: ಸುಮಾರು ಐದು ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಕಾಲಿನವರ, ತಂಪು ನಾಡಿನ ಲೆಕ್ಕ. ನಮ್ಮ ಘಟ್ಟದ ಸೆಕೆಗೆ, ಹೊಸ ಕಾಲಿಗೆ ಅದರರ್ಧ ಸೇರಿಸಿಕೊಳ್ಳಿ. ಸುಬ್ರಹ್ಮಣ್ಯದ ದಾರಿಯಲ್ಲಿ ಬರೀ ಏರೇ ನಾಲ್ಕು ಗಂಟೆ ತಿನ್ನುತ್ತದೆ, ದೂರದ ಹೊತ್ತು ಬೇರೆ.

ನಿಮ್ಮ ಕಾಲು ಎಂಥದು? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಇಳಿದು, ಮರುದಿನ ಮನೆಯ ಮೆಟ್ಟಿಲು ಇಳಿಯುವಾಗ ತೊಡೆ ಏನು ಹೇಳುತ್ತದೆ ನೋಡಿ. ಗೋಡೆ ಹಿಡಿಯಬೇಕಾಯಿತೇ? ಒಂದೆರಡು ತಿಂಗಳು ಮೆಟ್ಟಿಲನ್ನೇ ನೆಚ್ಚಿಕೊಳ್ಳಿ. ಹಿಡಿಯದೆ ಇಳಿದಿರಾದರೆ ಕೊಡಗಿನ ತಡಿಯಂಡಮೋಳ್ ಒಳ್ಳೆಯ ಆರಂಭ. ನಾಲ್ಕುನಾಡು ಅರಮನೆ ಕಡೆಯಿಂದ ದಾರಿ ಮೊದಲು ಮೆಲ್ಲಗೆ ಸಾಗುತ್ತದೆ. ಕೊನೆಯ ಏರು ಮಾತ್ರ ಕಡಿದು. ಕುದುರೆಮುಖದ ಪರೀಕ್ಷೆ ಬೇರೆ ಬಗೆಯದು. ಅಲ್ಲಿ ಕಡಿದಿಗಿಂತ ಉದ್ದ ಹೆಚ್ಚು. ಹಳ್ಳ ದಾಟುತ್ತ, ಶೋಲಾ ಕಾಡು ಹೊಕ್ಕು ಹುಲ್ಲುಗಾವಲಿಗೆ ಬಿದ್ದು ಇಡೀ ದಿನ ನಡೆಯುವ ತಾಳ್ಮೆ ಬೇಕು. ನನ್ನ ಕೇಳಿದರೆ, ಓಡುವವರಿಗಿಂತ ದಿನವೂ ವಾಕಿಂಗ್ ಹೋಗುವ ನಿವೃತ್ತ ಮೇಷ್ಟ್ರಿಗೆ ಅದು ಒಗ್ಗುತ್ತದೆ.

ಕುಮಾರಪರ್ವತಕ್ಕೆ ಹೋಗಲೇಬೇಕೆನ್ನುವವರು ಸುಬ್ರಹ್ಮಣ್ಯದ ದಾರಿಯ ನಡುವೆ ಸಿಗುವ ಭಟ್ಟರ ಮನೆಯವರೆಗಿನ ಕಾಡುದಾರಿ ಹೇಗಿತ್ತು ಎನ್ನುವುದನ್ನು ನೋಡಿ ಮುಂದಿನದನ್ನು ತೀರ್ಮಾನಿಸಲಿ. ಅದರಾಚೆ ಬಹುಪಾಲು ಬಯಲು ಹುಲ್ಲು, ನೆರಳಿಲ್ಲ. ಕಾಡುದಾರಿಯಲ್ಲೇ ಸೋತವರು ಮರಳಲಿ. ಕಾಡು ನೋಡಿದ್ದೂ ಚಾರಣವೇ, ಫೋಟೊಗೆ ಶಿಖರ ಸಿಗದಿರಬಹುದು ಅಷ್ಟೆ. ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಮಂಡಿ. ಮೇಲೆ ತಲುಪುವಷ್ಟರಲ್ಲಿ ಶಕ್ತಿಯೆಲ್ಲ ಖರ್ಚಾಗಿದ್ದರೆ ಆ ಬೆಟ್ಟ ನಿಮಗೆ ಆಗಲೇ ದೊಡ್ಡದಾಯಿತು.

ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಮಳೆಯಲ್ಲಿ ಸುಲಭದ ದಾರಿಯೂ ಜಾರುತ್ತದೆ, ಇಂಬಳ ಬೇರೆ. ಮಳೆ ಬಿಟ್ಟ ಮೇಲಿನ ಅಕ್ಟೋಬರ್, ನವೆಂಬರ್ ಹೊಸಬರಿಗೆ ಹಿತ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿ ಮುಚ್ಚುವುದುಂಟು, ಕೆಲವೆಡೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಬಸ್ ಟಿಕೆಟ್ ತೆಗೆಯುವ ಮೊದಲು ಅನುಮತಿ ಪಡೆದಿಟ್ಟುಕೊಳ್ಳಿ.