ಸಹವಾಸ ದೋಷ

ರಾಜೀವನಗರದ ಎರಡನೇ ಹಂತದಲ್ಲಿ ಮನೆಪಾಠ ಹೇಳುವ ಓದುಗರೊಬ್ಬರು ಈ ವಾರದ ಪ್ರಶ್ನೆ ಕಳಿಸಿದ್ದಾರೆ. ಅವರ ಮಕ್ಕಳು ‘ಬಾರೋ’, ‘ಲೆಂಡ್’ ಎರಡರ ಅರ್ಥವನ್ನೂ ಪಟಪಟನೆ ಒಪ್ಪಿಸುತ್ತಾರಂತೆ. ಮರುಗಳಿಗೆಯಲ್ಲೇ ಪಕ್ಕದವನಿಗೆ ‘ಬಾರೋ ಮಿ ಯುವರ್ ಪೆನ್’ ಅನ್ನುತ್ತಾರಂತೆ. ಅರ್ಥ ಗೊತ್ತಿದ್ದೂ ಎಡವುವುದೇಕೆ?

ಅರ್ಥವೊಂದೇ ಗೊತ್ತಿರುವುದರಿಂದ. ಕನ್ನಡದಲ್ಲಿ ‘ಸಾಲ’ ಒಂದೇ. ಅದು ಯಾವ ಕಡೆ ಹೊರಟಿತು ಎಂಬುದನ್ನು ‘ಕೊಡು’, ‘ತಗೋ’ ನೋಡಿಕೊಳ್ಳುತ್ತವೆ. ಇಂಗ್ಲಿಷು ಆ ದಿಕ್ಕನ್ನು ಕ್ರಿಯಾಪದದೊಳಗೇ ಅಡಗಿಸಿಟ್ಟಿದೆ, ಜತೆಗೆ ನೆಂಟರನ್ನೂ ಬೇರೆ ಬೇರೆ ಮಾಡಿದೆ. ‘ಲೆಂಡ್’ ಆದ ಕೂಡಲೇ ಪಡೆಯುವವನು ಬಂದು ಕೂರಬಹುದು: ‘ಲೆಂಡ್ ಮಿ’. ‘ಬಾರೋ’ ಆದಮೇಲೆ ವಸ್ತುವೇ ಬರಬೇಕು. ಕೊಡುವವನಿಗೆ ‘ಫ್ರಮ್’ ಇಲ್ಲದೆ ಪ್ರವೇಶವಿಲ್ಲ. ನೆನಪಿಗೊಂದು ಉಪಾಯ ಬೇಕಿದ್ದರೆ ಕನ್ನಡವೇ ಕೊಡುತ್ತದೆ. ಪೆನ್ನು ನನ್ನ ಕಡೆ ಬರಬೇಕಾದರೆ ಅದನ್ನು ‘ಬಾರೋ’ ಎಂದೇ ಕರೆಯಬೇಕು!

ಇದಕ್ಕಿಂತ ರುಚಿಯಾದ ಜೋಡಿ ‘ಹಿಯರ್’ ಮತ್ತು ‘ಲಿಸನ್’. ಪಕ್ಕದಲ್ಲಿ ‘ಆಸ್ಕ್’ ಕೂಡ ನಿಂತಿದೆ. ಮೂರಕ್ಕೂ ನಮ್ಮಲ್ಲಿ ‘ಕೇಳು’ ಸಾಕು. 1894ರ ಕಿಟೆಲ್ ನಿಘಂಟು ತೆರೆದರೂ ಕಿವಿಯ ಕೆಲಸ, ಬಾಯಿಯ ಕೆಲಸ ಎರಡೂ ಒಂದೇ ಪದದಡಿ ಸಿಗುತ್ತವೆ. ಹಾಗಂತ ನಮಗೆ ಗೊಂದಲವೇನೂ ಇಲ್ಲ. ‘ಮೇಷ್ಟ್ರನ್ನ ಕೇಳಿದೆ’ ಅಂದರೆ ಪ್ರಶ್ನೆ. ‘ಮೇಷ್ಟ್ರ ಮಾತು ಕೇಳಿದೆ’ ಅಂದರೆ ವಿಧೇಯತೆ. ಇಂಗ್ಲಿಷು ಬೇರೆ ಪದ ತಂದು ಎಳೆಯುವ ಗೆರೆಯನ್ನು ನಾವು ವಿಭಕ್ತಿಯಲ್ಲೇ ಎಳೆದು ಮುಗಿಸುತ್ತೇವೆ.

ಇನ್ನು ‘ಹಿಯರ್’, ‘ಲಿಸನ್’ ನಡುವಿನ ಗೆರೆ ಕನ್ನಡದಲ್ಲಿಲ್ಲ ಎನ್ನುವವರಿಗೆ ನಮ್ಮ ನುಡಿಗಟ್ಟು ಮರೆತಿದೆ. ಸಂಜೆಯ ಆಜಾನ್ ದಾರಿಹೋಕನ ಕಿವಿಗೆ ಬೀಳುತ್ತದೆ, ಅದು ಹಿಯರ್. ಪಾಠಕ್ಕೆ ಹುಡುಗ ಕಿವಿಗೊಡುತ್ತಾನೆ, ಅದು ಲಿಸನ್. ಕಿವಿಗೆ ಬೀಳಲು ನಮ್ಮ ಒಪ್ಪಿಗೆ ಬೇಡ, ಕಿವಿಗೊಡಲು ಬೇಕು. ‘ಪಾಠಕ್ಕೆ’, ‘ಮಾತಿಗೆ’ ಎಂದು ಕಿವಿಗೊಡುವಲ್ಲಿ ಚತುರ್ಥಿ ಬಂದ ಹಾಗೆ ಲಿಸನ್ ಹಿಂದೆ ‘ಟು’ ಬರುತ್ತದೆ. ಈ ಸಾಮ್ಯ ತೋರಿಸಿದರೆ ಆ ‘ಟು’ವನ್ನು ಮಕ್ಕಳು ನುಂಗುವುದಿಲ್ಲ.

ರಾಜೀವನಗರದ ಅನೇಕ ಮನೆಗಳಲ್ಲಿ ಆಡುವುದು ದಖನಿ ಉರ್ದು. ಅಲ್ಲಿ ಕಿವಿಗೆ ‘ಸುನ್ನಾ’, ಪ್ರಶ್ನೆಗೆ ‘ಪೂಛ್‌ನಾ’. ಆ ಮನೆಯ ಮಗುವಿಗೆ ಆಸ್ಕ್ ಮತ್ತು ಹಿಯರ್ ಬೇರೆಯೆಂದು ಹೇಳಿಕೊಡಬೇಕಿಲ್ಲ. ಆದರೆ ನಿನ್ನೆಗೂ ನಾಳೆಗೂ ಅದಕ್ಕೆ ‘ಕಲ್’ ಒಂದೇ. ನೆಂಟರು ಬಂದು ಹೋದರೋ ಬರಲಿದ್ದಾರೋ ಎಂಬುದು ಕ್ರಿಯಾಪದದ ಕಾಲ ನೋಡಿದರೆ ತಿಳಿಯುತ್ತದೆ, ಅಷ್ಟೇ. ಯಾವ ಭಾಷೆಯೂ ಬಡವಲ್ಲ. ಗೆರೆ ಎಳೆಯುವ ಜಾಗ ಬೇರೆ.

ಪದವನ್ನು ಅದರ ಸಹವಾಸದಿಂದ ಗುರುತಿಸಬೇಕೆಂದು ವಾದಿಸಿದ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಜೋಡಿಪದಗಳ ವಿಷಯದಲ್ಲಿ ಅವರ ಮಾತಿಗಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ. ಕೆಲವು ಜೋಡಿಗಳಿಗೆ ಮಾತ್ರ ಆ ಮದ್ದು ನಾಟದು. ಅಂಗಡಿ ಬೋರ್ಡಿನ ‘ಸ್ಟೇಷನರಿ’ಯಲ್ಲಿ ಕೊನೆಯ ಆರ್ ಹಿಂದೆ ಇ ಬರಬೇಕು, ಎ ಹಾಕಿದರೆ ‘ಚಲಿಸದ’ ಎಂದಾಗುತ್ತದೆ. ಕಿವಿಗೆ ಎರಡೂ ಒಂದೇ, ಮೂಲವೂ ಒಂದೇ. ಊರೂರು ತಿರುಗುವ ವ್ಯಾಪಾರಿಗಳ ಕಾಲದಲ್ಲಿ ಒಂದೇ ಕಡೆ ಮಳಿಗೆ ಹೂಡಿದ ಪುಸ್ತಕದವನೇ ‘ಸ್ಟೇಷನರ್’. ಲಂಡನ್ನಿನಲ್ಲಿ ಅವರ ಸಂಘ ಹುಟ್ಟಿದ್ದು 1403ರಲ್ಲಿ. ಹಾಗಾಗಿ ಬೋರ್ಡು ಬರೆದವನು ಎ ಹಾಕಿದ್ದರೆ ಕಾಗುಣಿತ ತಪ್ಪಬಹುದು, ಇತಿಹಾಸವಲ್ಲ.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇಷ್ಟೇ: ಎರಡು ಕಾಲಮ್ಮಿನ ಅರ್ಥದ ಪಟ್ಟಿ ಬರೆಸಬೇಡಿ. ‘ರೈಸ್’ ಒಂದೇ ಪದ ಬಲ್ಲ ಪರದೇಶದವನು ನಮ್ಮ ಪಂಕ್ತಿಯಲ್ಲಿ ಕೂತು ‘ಇನ್ನೂ ಸ್ವಲ್ಪ ಅಕ್ಕಿ ಬಡಿಸಿ’ ಅಂದರೆ ನಗುತ್ತೇವೆ. ಆದರೆ ಅಕ್ಕಿ, ಅನ್ನಗಳ ವ್ಯತ್ಯಾಸವನ್ನು ನಮಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಅಕ್ಕಿ ಆರಿಸು, ಅಕ್ಕಿ ತೊಳಿ, ಅನ್ನ ಬಡಿಸು, ಅನ್ನ ಕಲಸು ಎಂದು ಕೇಳಿ ಕೇಳಿಯೇ ಬಂತು. ಬಾರೋ, ಲೆಂಡ್ ಕೂಡ ಹಾಗೆಯೇ ಬರಲಿ. ಒಂದೊಂದಕ್ಕೂ ಇಡೀ ವಾಕ್ಯ ಹೇಳಿಸಿ, ನಡುವೆ ಪೆನ್ನು ನಿಜವಾಗಿಯೂ ಕೈ ಬದಲಾಯಿಸಲಿ.